ಹತ್ತು ಕೈ ಸೇರಲಿ, ಹಲಸಿನ ಹಪ್ಪಳ ಒತ್ತೋಣ

ವಿಷು ಕಳೆಯಿತು, ಶಾಲೆ ತೆರೆಯಲು ಜೂನ್ ಬರಬೇಕು. ಬೇಕಲ ಕೋಟೆ ನೋಡಿದ್ದಾಯಿತು, ಕಣ್ವತೀರ್ಥದ ಕಡಲಲ್ಲಿ ಕುಣಿದದ್ದೂ ಆಯಿತು. ಇನ್ನೇನು ಮಾಡುವುದು ಅಂತ ಮಕ್ಕಳು ಕೇಳಿದರೆ ಹಿತ್ತಿಲ ಕಡೆ ತೋರಿಸಿ. ನಮ್ಮ ಕಾಸರಗೋಡಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯದ ಕಡೆ ಹಲಸಿನ ಮರ ಇಲ್ಲದ ತೋಟ ಹುಡುಕಬೇಕಷ್ಟೆ. 2018ರಲ್ಲಿ ಕೇರಳ ಸರಕಾರ ಹಲಸನ್ನು ರಾಜ್ಯದ ಹಣ್ಣು ಅಂತ ಘೋಷಿಸಿತು. ನಮ್ಮ ಅಜ್ಜಿಯಂದಿರು ಅದಕ್ಕೇನೂ ಕಾದು ಕೂತಿರಲಿಲ್ಲ.

ಹಪ್ಪಳ ಒಬ್ಬರೇ ಮಾಡುವ ಕೆಲಸವಲ್ಲ. ಒಬ್ಬರೇ ಮಾಡಿದರೆ ಸೊಂಟನೋವು, ಎಂಟು ಜನ ಸೇರಿದರೆ ಹಬ್ಬ. ನೆಂಟರನ್ನು, ನೆರೆಮನೆಯವರನ್ನು ಹಿಂದಿನ ದಿನವೇ ಕರೆಯಿರಿ.

ಕಾಯಿ ಆರಿಸುವುದು

ಗಟ್ಟಿ ಸೊಳೆಯ ಬಕ್ಕೆ ಹಲಸೇ ಬೇಕು. ಮೆತ್ತಗಿನ ಸೊಳೆಯ ತುಳುವದಲ್ಲೂ ಮಾಡುವವರಿದ್ದಾರೆ, ನನ್ನ ಮತ ಬಕ್ಕೆಗೆ. ಕಾಯಿ ಚೆನ್ನಾಗಿ ಬಲಿತಿರಬೇಕು, ಆದರೆ ಹಣ್ಣಾಗಿರಬಾರದು. ಮುಳ್ಳುಗಳ ನಡುವೆ ಜಾಗ ಬಿಟ್ಟಿದ್ದರೆ ಬಲಿತಿದೆ ಅಂತ ಲೆಕ್ಕ. ಪರಿಮಳ ಬಂದರೆ ತಡವಾಯಿತು, ಅದನ್ನು ಸುಮ್ನೆ ತಿಂದುಬಿಡಿ. ಸಿಹಿ ಏರಿದ ಸೊಳೆಯ ಹಪ್ಪಳ ಎಣ್ಣೆಗೆ ಬಿದ್ದ ಕೂಡಲೇ ಕಪ್ಪಾಗುತ್ತದೆ.

ಮೇಣದ ಜತೆ ಜಗಳ

ನೆಲಕ್ಕೆ ಹಳೇ ಪೇಪರ್ ಹಾಸಿ. ಓದಿ ಮುಗಿದಿದ್ದರೆ ಈ ಪುರವಣಿಯನ್ನೇ ಹಾಸಿದರೂ ಬೇಜಾರಿಲ್ಲ. ಕತ್ತಿಗೂ ಕೈಗೂ ತೆಂಗಿನೆಣ್ಣೆ ಹಚ್ಚಿ. ಕಡಿಯುವ ಕೆಲಸ ದೊಡ್ಡವರದ್ದು. ಕಾಯಿ ಹೋಳಾದ ಮೇಲೆ ಸ್ವಲ್ಪ ಹೊತ್ತು ಬಿಟ್ಟು, ಒಸರುವ ಮೇಣವನ್ನು ಕೋಲಿಗೆ ಸುತ್ತಿ ತೆಗೆಯಿರಿ. ಇದಕ್ಕೆ ಮಕ್ಕಳು ಪೈಪೋಟಿ ನಡೆಸುತ್ತಾರೆ. ನಂತರ ಗೂಂಜು, ಅಂದರೆ ನಡುವಿನ ದಿಂಡು, ತೆಗೆದು, ಸೊಳೆ ಬಿಡಿಸಿ, ಬೀಜ ಬೇರೆ ಮಾಡಿ. ಬೀಜ ಬಿಸಾಡಬೇಡಿ, ಆಮೇಲೆ ಕೆಲಸವಿದೆ.

ಬೇಯಿಸಿ ಗುದ್ದುವುದು

ಸೊಳೆಯನ್ನು ಇಡ್ಲಿ ಅಟ್ಟದಲ್ಲಿ ಹಬೆಗೆ ಇಡಿ. 15ರಿಂದ 20 ನಿಮಿಷ ಸಾಕಾಗುತ್ತದೆ. ಬೆರಳಲ್ಲಿ ಒತ್ತಿದರೆ ಬಗ್ಗಬೇಕು, ನೀರಾಗಬಾರದು. ಎರಡು ಕಿಲೋ ಸೊಳೆಗೆ ಎಂಟು ಹತ್ತು ಒಣಮೆಣಸು, ಎರಡು ಚಮಚ ಕೊತ್ತಂಬರಿ, ಒಂದು ಚಮಚ ಜೀರಿಗೆ ಪುಡಿ ಮಾಡಿಕೊಳ್ಳಿ. ಉಪ್ಪು ಸ್ವಲ್ಪ ಕಡಿಮೆಯೇ ಇರಲಿ, ಒಣಗಿದಾಗ ಅದು ಜಾಸ್ತಿ ಅನಿಸುತ್ತದೆ.

ಇದನ್ನೆಲ್ಲ ಸೊಳೆಗೆ ಸೇರಿಸಿ ಬಿಸಿ ಇರುವಾಗಲೇ ಗುದ್ದಬೇಕು, ಆರಿದರೆ ಗಂಟು ಉಳಿಯುತ್ತದೆ. ಒನಕೆ ಇದ್ದರೆ ಇಬ್ಬರು ಸರದಿಯಲ್ಲಿ ಹಾಕಲಿ. ಗ್ರೈಂಡರ್ ಆದರೂ ಸರಿ, ನೀರು ಮಾತ್ರ ಒಂದು ಹನಿಯೂ ಬೇಡ. ಈ ಹಿಟ್ಟಿಗೆ ತೆಂಗಿನೆಣ್ಣೆ ಸವರಿ ಹಸಿಯಾಗಿಯೇ ತಿನ್ನುವ ರುಚಿ ಬೇರೆ. ಕಾಲು ಭಾಗ ಇಲ್ಲೇ ಖಾಲಿಯಾಗುತ್ತದೆ ಅಂತ ಮೊದಲೇ ಲೆಕ್ಕ ಹಾಕಿಕೊಳ್ಳಿ.

ಒತ್ತುವ ಗಮ್ಮತ್ತು

ಈಗ ಕೆಲಸ ಹಂಚಿ. ಚಿಕ್ಕವರು ನಿಂಬೆ ಗಾತ್ರದ ಉಂಡೆ ಕಟ್ಟಲಿ. ಒಬ್ಬರು ಎಣ್ಣೆ ಹಚ್ಚಿದ ಎರಡು ಪ್ಲಾಸ್ಟಿಕ್ ಹಾಳೆಗಳ ನಡುವೆ ಉಂಡೆ ಇಡಲಿ, ಇನ್ನೊಬ್ಬರು ಮಣೆಯಿಂದ ಒತ್ತಲಿ. ಮಣೆಯ ಮೇಲೆ ಸಣ್ಣ ಮಕ್ಕಳನ್ನು ನಿಲ್ಲಿಸಿದರೂ ಆಗುತ್ತದೆ, ಅವರಿಗೆ ಅದೇ ಆಟ. ನೆರೆಮನೆಯಲ್ಲಿ ಪತ್ತಿರಿ (ತೆಳು ಅಕ್ಕಿರೊಟ್ಟಿ) ಒತ್ತುವ ಮಣೆ ಇದ್ದರೆ ಎರವಲು ತನ್ನಿ, ಜತೆಗೆ ಆ ಮನೆಯವರನ್ನೂ ಕರೆತನ್ನಿ. ಅಂಚು ದಪ್ಪ ಉಳಿದರೆ ಒಣಗುವುದು ನಿಧಾನ. ಗುಂಡಗೆ ಬರಲಿಲ್ಲ ಅಂತ ಯಾರನ್ನೂ ಗದರಬೇಡಿ, ಕರಿದ ಮೇಲೆ ಆಕಾರ ಯಾರು ನೋಡುತ್ತಾರೆ?

ಕಾವಲು

ಒತ್ತಿದ್ದನ್ನು ಅಂಗಳದ ಓಲೆ ಚಾಪೆಗೆ ಹಾಕಿ. ಬೆಳಗ್ಗೆ ಬೇಗ ಶುರುಮಾಡಿದರೆ ಮೊದಲ ದಿನವೇ ಒಳ್ಳೇ ಬಿಸಿಲು ಸಿಗುತ್ತದೆ. ಅಂಚು ಏಳಲು ಶುರುವಾದಾಗ ಮಗುಚಿ. ಸಂಜೆ ಮಂಜು ಬೀಳುವ ಮೊದಲು ಒಳಗೆ ತನ್ನಿ. ಎರಡು ಮೂರು ಒಳ್ಳೇ ಬಿಸಿಲು ಬೇಕು. ತುಳುವರ ಬೇಶ ತಿಂಗಳ ಹತ್ತನೇ ದಿನವಾದ ಪತ್ತನಾಜೆಯ ಒಳಗೆ, ಅಂದರೆ ಸುಮಾರು ಮೇ 24ಕ್ಕೆ ಮೊದಲು, ಮುಗಿಸುವುದು ಜಾಣತನ. ಅಷ್ಟೊತ್ತಿಗೆ ಯಕ್ಷಗಾನ ಮೇಳಗಳೂ ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚುತ್ತವೆ, ಗುಡುಗು ಮಳೆಯೂ ಶುರುವಾಗಿರುತ್ತದೆ. ಅರೆಬರೆ ಒಣಗಿದ ಹಪ್ಪಳ ಬೂಸ್ಟು ಹಿಡಿಯುತ್ತದೆ.

ಕಾಗೆ ಓಡಿಸುವ ಕೆಲಸ ಮಕ್ಕಳಿಗೆ. ಪಕ್ಕದಲ್ಲೇ ಲಗೋರಿ, ಕುಟ್ಟಿದೊಣ್ಣೆ (ಚಿನ್ನಿದಾಂಡು) ಆಡಲಿ, ಆದರೆ ಚೆಂಡು ಚಾಪೆಯ ಕಡೆ ಬಾರದಿರಲಿ. ತೆಗೆದಿಟ್ಟ ಬೀಜಗಳಿಗೆ ಕತ್ತಿಯಲ್ಲಿ ಸಣ್ಣ ಗೀರು ಹಾಕಿ ಬಿಸಿ ಬೂದಿಯಲ್ಲಿ ಹೂಳಿ. ಗೀರು ಇಲ್ಲದಿದ್ದರೆ ಸಿಡಿಯುತ್ತವೆ. ಗೇರುಬೀಜವನ್ನು ಮಾತ್ರ ಮಕ್ಕಳ ಕೈಗೆ ಸುಡಲು ಕೊಡಬೇಡಿ. ಅದರ ಸಿಪ್ಪೆಯ ಎಣ್ಣೆ ತಾಗಿದರೆ ಚರ್ಮ ಸುಟ್ಟು ಗುಳ್ಳೆ ಏಳುತ್ತದೆ.

ಬಾಗಿಸಿದರೆ ಟಕ್ಕನೆ ಮುರಿಯುವ ಹಪ್ಪಳ ಪೂರ್ತಿ ಒಣಗಿದೆ. ಗಾಳಿಯಾಡದ ಡಬ್ಬಿಗೆ ತುಂಬಿ. ಬಂದವರಿಗೆಲ್ಲ ಅವರವರ ಪಾಲು ಕಟ್ಟಿಕೊಡಿ, ಪತ್ತಿರಿ ಮಣೆಯ ಮನೆಗೆ ಒಂದು ಕಟ್ಟು ಜಾಸ್ತಿ. ಕರಿಯುವಾಗ ತೆಂಗಿನೆಣ್ಣೆ ಚೆನ್ನಾಗಿ ಕಾಯಲಿ, ಹಪ್ಪಳ ಉಬ್ಬಿದ ಕೂಡಲೇ ತೆಗೆಯಿರಿ. ಎಣ್ಣೆ ಬೇಡವಾದರೆ ಕೆಂಡದಲ್ಲಿ ಸುಟ್ಟು, ತೆಂಗಿನಕಾಯಿ ಹೋಳಿನ ಜತೆ ತಿನ್ನಿ.