ಬಾರೋ ಎಲ್ಲಿ, ಲೆಂಡ್ ಎಲ್ಲಿ?

ಕನ್ನಡದಲ್ಲಿ ‘ಸಾಲ’ದ ಪಕ್ಕ ‘ತಗೊಂಡೆ’ ಅಂತಲೋ ‘ಕೊಟ್ಟೆ’ ಅಂತಲೋ ಸೇರಿಸಿದರೆ ಮುಗಿಯಿತು. ಇಂಗ್ಲಿಷಿನಲ್ಲಿ ಕೊಡುವುದಕ್ಕೆ, ಪಡೆಯುವುದಕ್ಕೆ ಬೇರೆ ಬೇರೆ ಕ್ರಿಯಾಪದಗಳಿವೆ. ವಾಪಸ್ ಕೊಡುತ್ತೇನೆಂದು ಪಡೆಯುವುದು ಬಾರೋ. ವಾಪಸ್ ಬರುತ್ತದೆಂದು ಕೊಡುವುದು ಲೆಂಡ್.

ವಾಕ್ಯ ಶುರು ಮಾಡುವ ಮೊದಲು ಅದರ ಕರ್ತೃ ಯಾರೆಂದು ನೋಡಿ. ವಸ್ತು ಕರ್ತೃವಿನ ಕೈಗೆ ಬರುತ್ತಿದ್ದರೆ ಬಾರೋ, ಕೈಬಿಟ್ಟು ಹೋಗುತ್ತಿದ್ದರೆ ಲೆಂಡ್.

ಹೆಚ್ಚು ಜನ ಎಡವುವುದು ಕೇಳುವಾಗ. ಪೆನ್ ಬೇಕೆಂದರೆ ‘ಕ್ಯಾನ್ ಐ ಬಾರೋ ಯುವರ್ ಪೆನ್?’ ಎನ್ನಬಹುದು, ‘ಕ್ಯಾನ್ ಯು ಲೆಂಡ್ ಮಿ ಯುವರ್ ಪೆನ್?’ ಎಂದೂ ಕೇಳಬಹುದು. ಎರಡೂ ಒಂದೇ ಕೋರಿಕೆ. ಆದರೆ ಮೊದಲನೆಯದರಲ್ಲಿ ಕರ್ತೃ ನೀವು, ಎರಡನೆಯದರಲ್ಲಿ ಎದುರಿನವರು. ನಮ್ಮ ತಲೆಯಲ್ಲಿ ಓಡುವುದು ‘ಪೆನ್ ಕೊಡ್ತೀರಾ?’ ಎಂಬ ಮಾತು. ಹಾಗಾಗಿ ‘ಕ್ಯಾನ್ ಐ’ ಎಂದು ಶುರು ಮಾಡಿದ ಮೇಲೂ ಬಾಯಿಗೆ ಲೆಂಡ್ ಬಂದುಬಿಡುತ್ತದೆ. ‘ಕ್ಯಾನ್ ಐ ಲೆಂಡ್ ಯುವರ್ ಪೆನ್?’ ಎಂದರೆ ನಿಮ್ಮ ಪೆನ್ನನ್ನು ನಾನು ಇನ್ಯಾರಿಗೋ ಕೊಡಲೇ ಎಂದಾಗುತ್ತದೆ. ‘ಕ್ಯಾನ್ ಐ’ ಜೊತೆ ಬಾರೋ, ‘ಕ್ಯಾನ್ ಯು’ ಜೊತೆ ಲೆಂಡ್ ಮಿ: ಈ ಜೋಡಿಗಳನ್ನು ಹಾಗೇ ಬಾಯಿಪಾಠ ಮಾಡಿಕೊಳ್ಳುವುದು ಒಳ್ಳೆಯದು.

ವಾಕ್ಯರಚನೆಯೂ ಬೇರೆ. ಲೆಂಡ್ ಪಕ್ಕದಲ್ಲೇ ಯಾರಿಗೆ, ಏನನ್ನು ಎಂಬ ಎರಡೂ ಕೂರುತ್ತವೆ: ‘ಶಿ ಲೆಂಟ್ ಮಿ ಎ ಬುಕ್’. ವಸ್ತು ಮೊದಲು ಬಂದರೆ ಟು ಬೇಕು: ‘ಶಿ ಲೆಂಟ್ ಎ ಬುಕ್ ಟು ಮಿ’. ಬಾರೋಗೆ ಈ ಸಲಿಗೆ ಇಲ್ಲ. ‘ಬಾರೋ ಮಿ ಎ ಬುಕ್’ ತಪ್ಪು. ಯಾರಿಂದ ಎಂದು ಹೇಳಲು ಫ್ರಮ್ ಹಾಕಬೇಕು: ‘ಐ ಬಾರೋಡ್ ಎ ಬುಕ್ ಫ್ರಮ್ ಹರ್’.

ಭೂತಕಾಲದಲ್ಲಿ ಬಾರೋ ಬಾರೋಡ್ ಆಗುತ್ತದೆ. ಲೆಂಡ್ ಮಾತ್ರ ಲೆಂಟ್. ‘ಲೆಂಡೆಡ್’ ಎಂಬ ರೂಪವೇ ಇಲ್ಲ.

ಲೋನ್ ಮುಖ್ಯವಾಗಿ ನಾಮಪದ. ಅಮೆರಿಕನ್ ಇಂಗ್ಲಿಷಿನಲ್ಲಿ ಅದನ್ನು ಲೆಂಡ್ ಅರ್ಥದ ಕ್ರಿಯಾಪದವಾಗಿಯೂ ಧಾರಾಳವಾಗಿ ಬಳಸುತ್ತಾರೆ. ಪರೀಕ್ಷೆಯಲ್ಲಿ, ಕಚೇರಿಯ ಪತ್ರದಲ್ಲಿ ಲೆಂಡ್ ಬರೆದರೆ ಯಾರೂ ತಕರಾರು ತೆಗೆಯುವುದಿಲ್ಲ. ಬಾಡಿಗೆ ಕೊಟ್ಟು ಪಡೆದದ್ದಕ್ಕೆ ಬಾರೋ ಸಲ್ಲದು, ಅದು ರೆಂಟ್. ಸಾಲದ ಹಣಕ್ಕೆ ಬಡ್ಡಿ ಕಟ್ಟಿದರೂ ಬಾರೋ ಎಂದೇ ಹೇಳುತ್ತಾರೆ, ಗಮನಿಸಿ.

ಎತ್ತಿಕೊಂಡು ಹೋಗಲಾಗದ ವಸ್ತುಗಳಿಗೆ ಸಾಮಾನ್ಯವಾಗಿ ಎರಡೂ ಹೊಂದುವುದಿಲ್ಲ. ಇನ್ನೊಬ್ಬರ ಮನೆಯ ಶೌಚಾಲಯ ಬಳಸಬೇಕಿದ್ದರೆ ‘ಕ್ಯಾನ್ ಐ ಯೂಸ್ ಯುವರ್ ಟಾಯ್ಲೆಟ್?’ ಎಂದು ಕೇಳಿ. ಅಲ್ಲಿ ಬಾರೋ ಎಂದರೆ ಅದನ್ನು ಹೊತ್ತುಕೊಂಡು ಹೋಗುವಂತೆ ಕೇಳಿಸುತ್ತದೆ.