ಕಿಗಾಲಿಯ ಅಂಗಡಿಗಳಲ್ಲಿ ಖಾತೆ ಪುಸ್ತಕ ಹಿಡಿದು

ಕಿಗಾಲಿಗೆ ಹೋಗುವ ಮುಂಚೆ ನಾನು ಧಾರವಾಡ ಜಿಲ್ಲೆಯಲ್ಲಿ ಸ್ತ್ರೀಶಕ್ತಿ ಸಂಘಗಳ ಲೆಕ್ಕಪತ್ರ ನೋಡುತ್ತಿದ್ದೆ. ಪತಿಯ ಕೆಲಸದ ನಿಮಿತ್ತ ರುವಾಂಡಾದ ರಾಜಧಾನಿಯಲ್ಲಿ ನೆಲೆಸಿದ ಮೇಲೆ, ಸಣ್ಣ ವ್ಯಾಪಾರ ಮಾಡುವ ಮಹಿಳೆಯರಿಗೆ ಮಾರ್ಗದರ್ಶನ ನೀಡುವ ಸ್ಥಳೀಯ ಸಂಸ್ಥೆಯೊಂದರಲ್ಲಿ ಅದೇ ಕೆಲಸಕ್ಕೆ ಸೇರಿಕೊಂಡೆ. ಹೊರದೇಶಗಳಿಂದ ಬರುವ ತರಬೇತುದಾರರು ಅಲ್ಲಿನ ಹೆಂಗಸರಿಗೆ ಆತ್ಮವಿಶ್ವಾಸದ ಪಾಠ ಹೇಳುವುದನ್ನು ಕಂಡಾಗಲೆಲ್ಲ ಕಸಿವಿಸಿಯಾಗುತ್ತಿತ್ತು. 1994ರ ಏಪ್ರಿಲ್‌ನಿಂದ ಜುಲೈವರೆಗೆ, ನೂರು ದಿನಗಳಲ್ಲಿ, ಎಂಟರಿಂದ ಹತ್ತು ಲಕ್ಷ ಜನರು, ಬಹುಪಾಲು ತುತ್ಸಿ ಸಮುದಾಯದವರು, ಹತರಾದ ನಾಡು ಅದು. ಆ ನರಮೇಧ ಮುಗಿದ ಮೇಲೆ ಗಂಡನಿಲ್ಲದ, ಅಣ್ಣತಮ್ಮಂದಿರಿಲ್ಲದ ಮನೆಗಳನ್ನು ಎತ್ತಿ ನಿಲ್ಲಿಸಿದವರು ಹೆಂಗಸರು. ಮಾರುಕಟ್ಟೆಯಲ್ಲಿ ಕುಳಿತು ಮಕ್ಕಳನ್ನು ಓದಿಸಿದವಳಿಗೆ ಧೈರ್ಯ ಕಲಿಸಲು ನಾವು ಯಾರು? ಆಕೆಗೆ ಬೇಕಿದ್ದದ್ದು ತನ್ನ ಹೆಸರಿನಲ್ಲಿ ಕಾಗದಪತ್ರ, ತನ್ನ ಕೂಲಿಯನ್ನೂ ಹಿಡಿದ ಲೆಕ್ಕ.

ಕಿಗಾಲಿಯ ಕಿಮಿರೊಂಕೊ ಮಾರುಕಟ್ಟೆಯಲ್ಲಿ ಬಣ್ಣಬಣ್ಣದ ಅಚ್ಚಿನ ಕಿಟೆಂಗೆ ಬಟ್ಟೆಯ ಅಂಗಡಿಗಳ ಪಕ್ಕದಲ್ಲೇ ಹೊಲಿಗೆ ಯಂತ್ರಗಳ ಸಾಲು ಇದೆ. ಅಲ್ಲಿ ಹೊಲಿಯುವ ಒಬ್ಬಾಕೆಯ ಜೊತೆ ಕುಳಿತು ಒಂದೇ ಒಂದು ಉಡುಪಿನ ಲೆಕ್ಕ ಬರೆದೆವು. ಮಾರುವ ಬೆಲೆ 15,000 ರುವಾಂಡಾ ಫ್ರಾಂಕ್. ಆರು ಗಜದ ತುಂಡಿನಲ್ಲಿ ಅರ್ಧ, 7,000. ಲೈನಿಂಗ್, ಜಿಪ್, ದಾರ ಸೇರಿ 2,000. ಜಾಗದ ಬಾಡಿಗೆ, ವಿದ್ಯುತ್ತಿನ ಪಾಲು 1,500. ಬಟ್ಟೆ ತರಲು ಮೋಟರ್‌ಬೈಕ್ ಟ್ಯಾಕ್ಸಿಗೆ 1,000. "ನಿಮ್ಮ ಕೂಲಿ ಎಷ್ಟು ಬರೆಯಲಿ?" ಎಂದು ಕೇಳಿದೆ. "ಉಳಿದದ್ದೇ ನನ್ನ ಕೂಲಿ" ಎಂದರು, ಅದರಲ್ಲಿ ಕೇಳುವುದೇನಿದೆ ಎನ್ನುವಂತೆ. ಉಳಿದದ್ದು 3,500, ಎರಡು ದಿನದ ದುಡಿಮೆಗೆ. ಅದರಲ್ಲೂ ಗಿರಾಕಿ ಉದ್ರಿ ಹೇಳಿ ಹೋದರೆ ಅದೂ ಇಲ್ಲ.

ಅಂದೇ ಖಾತೆ ಪುಸ್ತಕದಲ್ಲಿ ಕೂಲಿಗೆಂದು ಬೇರೆ ಕಾಲಂ ಎಳೆದೆವು. ಕೂಲಿ ಬರೆದ ಮೇಲೆ ಏನಾದರೂ ಉಳಿದರೆ ಮಾತ್ರ ಅದು ಲಾಭ. ಸಂಖ್ಯೆ ಕಣ್ಣೆದುರು ನಿಂತ ಮೇಲೆ ನಾನು ಹೇಳಬೇಕಾದದ್ದು ಹೆಚ್ಚು ಉಳಿಯಲಿಲ್ಲ. ಮದುವೆಯ ಉಡುಪಿಗೆ ಅರ್ಧ ಮುಂಗಡ ತೆಗೆದುಕೊಳ್ಳುವುದು, ಉಳಿದ ದಿನಗಳಿಗೆ ಶಾಲಾ ಸಮವಸ್ತ್ರದ ಸಗಟು ಕೆಲಸ ಹಿಡಿಯುವುದು, ಕತ್ತರಿಸಿ ಉಳಿದ ತುಂಡುಗಳಿಂದ ಕೈಚೀಲ ಹೊಲಿಯುವುದು ಎಲ್ಲವೂ ಆಕೆಯದೇ ತೀರ್ಮಾನ. ಮಾರ್ಗದರ್ಶಕರ ಬಾಯಿಂದ ಉಪಾಯಗಳು ಸುರಿಯಬೇಕು ಎಂದು ಬಹಳ ಮಂದಿ ತಿಳಿದಿದ್ದಾರೆ. ವ್ಯಾಪಾರದ ಉಪಾಯ ವ್ಯಾಪಾರ ಮಾಡುವವರಿಗೆ ನಮಗಿಂತ ಚೆನ್ನಾಗಿ ಗೊತ್ತು. ಕೂಲಿ ಬರೆಯದ ಪುಸ್ತಕ ಅದನ್ನು ಮುಚ್ಚಿಡುತ್ತದೆ.

ಎರಡನೆಯ ಕೆಲಸ ಎರಡನೆಯ ಸಿಮ್. ಸಿಮ್ ಸಂಖ್ಯೆಯನ್ನೇ ಖಾತೆಯಂತೆ ಬಳಸಿ ಹಣ ಕಳಿಸುವ, ಪಡೆಯುವ ಮೊಬೈಲ್ ಹಣ ರುವಾಂಡಾದಲ್ಲಿ 2010ರಲ್ಲಿ ಬಂತು. ಈಗ ಟೊಮೆಟೊ ಮಾರುವವರೂ ಫೋನಿನಲ್ಲಿ ಹಣ ಪಡೆಯುತ್ತಾರೆ. ಆದರೆ ಅಂಗಡಿಯ ಹಣ, ಮಗುವಿನ ಶುಲ್ಕ, ಊರಿನ ಅತ್ತೆಗೆ ಕಳಿಸುವುದು ಎಲ್ಲವೂ ಒಂದೇ ಸಂಖ್ಯೆಯಲ್ಲಿ ಬಂದು ಹೋಗುತ್ತಿತ್ತು. ಅಂಗಡಿಗೆಂದೇ ಇನ್ನೊಂದು ಸಿಮ್ ಕೊಂಡು, ಶುಕ್ರವಾರ ಅದರಿಂದ ತಮ್ಮ ಕೂಲಿಯನ್ನು ತಾವೇ ಮೊದಲ ಸಂಖ್ಯೆಗೆ ಕಳುಹಿಸಿಕೊಳ್ಳುವುದನ್ನು ರೂಢಿ ಮಾಡಿದೆವು. ತಿಂಗಳ ಕೊನೆಯ ಶನಿವಾರ ಬೆಳಿಗ್ಗೆ ಇಡೀ ದೇಶ ಉಮುಗಂಡ ಎಂಬ ಸಾಮೂಹಿಕ ಶ್ರಮದಾನಕ್ಕೆ ಇಳಿಯುತ್ತದೆ, ಅಂಗಡಿಗಳು ಮುಚ್ಚಿರುತ್ತವೆ. ಅದು ಮುಗಿದ ಮಧ್ಯಾಹ್ನ ನಾವು ತಿಂಗಳ ಲೆಕ್ಕ ಮುಗಿಸುತ್ತಿದ್ದೆವು. ಸಾಲ ಕೊಡುವ ಅಧಿಕಾರಿಯ ಮುಂದೆ ಆರು ತಿಂಗಳ ಸಿಮ್ ದಾಖಲೆ ಇಟ್ಟರೆ ಬಾಯಿಮಾತಿಗಿಂತ ಹೆಚ್ಚು ಬೆಲೆ.

ಉಳಿತಾಯದ ಗುಂಪುಗಳನ್ನು ಹೊಸದಾಗಿ ಕಟ್ಟುವ ಗೋಜಿಗೆ ನಾನು ಹೋಗಲಿಲ್ಲ. ಇಕಿಮಿನ ಎಂಬ ಗುಂಪುಗಳು ಮೊದಲೇ ಇವೆ, ವಾರ ವಾರ ಹಣ ಕಟ್ಟಿ ಸರದಿಯ ಮೇಲೆ ಎತ್ತಿಕೊಳ್ಳುವುದು ನಮ್ಮ ಚೀಟಿಯಂತೆಯೇ. ತೊಡಕು ಬರುವುದು ಬ್ಯಾಂಕಿನ ಬಾಗಿಲಲ್ಲಿ, ಅಡಮಾನದ ಪ್ರಶ್ನೆಯಲ್ಲಿ. ಹಿಂದೆ ವಿವಾಹಿತ ಮಹಿಳೆ ವ್ಯಾಪಾರಕ್ಕೆ ಇಳಿಯಲು ಗಂಡನ ಒಪ್ಪಿಗೆ ಬೇಕಿತ್ತು. 1999ರ ಕಾನೂನು ಹೆಣ್ಣುಮಕ್ಕಳಿಗೆ ಆಸ್ತಿಯಲ್ಲಿ ಸಮಪಾಲು ಕೊಟ್ಟಿತು, ಆಮೇಲೆ ದೇಶದಾದ್ಯಂತ ನಡೆದ ಭೂ ನೋಂದಣಿಯಲ್ಲಿ ಹೆಂಡತಿಯ ಹೆಸರೂ ಹಕ್ಕುಪತ್ರಕ್ಕೆ ಬಂತು. 2008ರಲ್ಲಿ ಸಂಸತ್ತಿನ ಕೆಳಮನೆಯಲ್ಲಿ ಮಹಿಳೆಯರೇ ಬಹುಮತವಾದರು. ಇಷ್ಟೆಲ್ಲ ಇದ್ದೂ ಸರ್ಕಾರಿ ಕಚೇರಿಯಲ್ಲಿ ಮದುವೆ ನೋಂದಣಿಯಾಗದೆ ಕೂಡಿ ಬಾಳುತ್ತಿರುವ ಹೆಂಗಸಿಗೆ ಆ ಪಾಲು ತಾನಾಗಿ ದಕ್ಕುವುದಿಲ್ಲ. ಹತ್ತು ವರ್ಷ ಒಟ್ಟಿಗೆ ದುಡಿದು ಕಟ್ಟಿದ ಮನೆಯ ಹಕ್ಕುಪತ್ರದಲ್ಲಿ ತನ್ನ ಹೆಸರಿಲ್ಲ ಎಂದು ತಿಳಿದ ಮಹಿಳೆಯೊಬ್ಬರು ಸಾಲದ ಅರ್ಜಿಯನ್ನು ಮಡಿಚಿ ಚೀಲಕ್ಕೆ ಹಾಕಿಕೊಂಡು ಏನೂ ಮಾತಾಡದೆ ಎದ್ದುಹೋದರು. ಸಂಸಾರದ ವಿಷಯಕ್ಕೆ ಪರದೇಶದವಳು ತಲೆಹಾಕುವುದು ಸರಿಯಲ್ಲ. ಪ್ರತಿ ಜಿಲ್ಲೆಯಲ್ಲೂ ಉಚಿತ ಕಾನೂನು ನೆರವಿನ ಕೇಂದ್ರವಿದೆ, ಅಲ್ಲಿಗೆ ಜೊತೆಗೆ ಹೋಗಿ ಹೊರಗಿನ ಬೆಂಚಿನ ಮೇಲೆ ಕಾದು ಕುಳಿತೆ. ಸಾಕಷ್ಟು ಅಡಮಾನ ಇಲ್ಲದವರಿಗೆ ಸರ್ಕಾರದ ವ್ಯಾಪಾರ ಅಭಿವೃದ್ಧಿ ನಿಧಿಯ ಖಾತರಿ ಇದೆ, ಮಹಿಳೆಯರಿಗೆ ಅಡಮಾನದ ಶೇ 75ರವರೆಗೆ. ಬ್ಯಾಂಕಿನವರು ತಾವಾಗಿ ಅದನ್ನು ಹೇಳಿದ್ದನ್ನು ನಾನು ಕಾಣಲಿಲ್ಲ. ಹೆಸರು ಹಿಡಿದು ಕೇಳಬೇಕು.

ಇನ್ನು ನಗರ. ಕಿಗಾಲಿ ಬೆಳೆಯುವ ವೇಗಕ್ಕೆ ಸಣ್ಣ ವ್ಯಾಪಾರಿ ಪ್ರತಿ ವರ್ಷ ಹೊಸದೊಂದು ನಿಯಮಕ್ಕೆ ಮುಖಾಮುಖಿಯಾಗುತ್ತಾಳೆ. 2008ರಲ್ಲಿ ಪ್ಲಾಸ್ಟಿಕ್ ಚೀಲ ನಿಷೇಧವಾಯಿತು. 2017ರಲ್ಲಿ ಬೀದಿಯಲ್ಲಿ ಮಾರುವವರಿಗಷ್ಟೇ ಅಲ್ಲ, ಕೊಳ್ಳುವವರಿಗೂ 10,000 ಫ್ರಾಂಕ್ ದಂಡ ಬಂತು. ತಲೆಯ ಮೇಲೆ ಬುಟ್ಟಿ ಹೊತ್ತು ಹಣ್ಣು ಮಾರುತ್ತಿದ್ದವರು ಕಿರುಮಾರುಕಟ್ಟೆಗಳ ಕಟ್ಟೆಗೆ ಹೋಗಬೇಕಾಯಿತು. ರಸ್ತೆಗಳ ಸ್ವಚ್ಛತೆಯನ್ನು ಎಲ್ಲರೂ ಹೊಗಳುತ್ತಾರೆ, ನನಗೂ ಮೆಚ್ಚುಗೆಯೇ. ಆದರೆ ಆ ಸ್ವಚ್ಛತೆಯ ಖರ್ಚಿನಲ್ಲಿ ಈ ಬುಟ್ಟಿಯವರ ಪಾಲೂ ಇದೆ ಎಂಬುದನ್ನು ಮರೆಯಬಾರದು. 2016ರಲ್ಲಿ ಹಳೆಯ ಬಟ್ಟೆಗಳ ಆಮದು ಸುಂಕ ಕಿಲೋಗೆ 0.20 ಡಾಲರ್‌ನಿಂದ 2.50 ಡಾಲರ್‌ಗೆ ಏರಿತು. ಸ್ಥಳೀಯ ಉಡುಪು ಉದ್ಯಮ ಬೆಳೆಯಲಿ ಎಂಬುದು ಉದ್ದೇಶ. ಅಮೆರಿಕ ಅದಕ್ಕೆ ಸಿಟ್ಟಾಗಿ 2018ರಲ್ಲಿ ರುವಾಂಡಾದ ಉಡುಪುಗಳಿಗಿದ್ದ ಸುಂಕ ವಿನಾಯಿತಿಯನ್ನು ತಡೆಹಿಡಿಯಿತು. ಹೊಲಿಯುವವರಿಗೆ ಬಾಗಿಲು ತೆರೆದ ಆ ನಿರ್ಧಾರದಲ್ಲೇ ಹಳೆಯ ಬಟ್ಟೆಯ ಮೂಟೆ ತಂದು ಮಾರುತ್ತಿದ್ದವರ ಬಂಡವಾಳ ಕರಗಿತು. ಇಬ್ಬರೂ ನಮ್ಮ ಗುಂಪಿನಲ್ಲಿದ್ದರು. ಹಳೆಯ ಬಟ್ಟೆಯ ವ್ಯಾಪಾರಿಗೆ ಯಾವ ಅಳತೆಗೆ, ಯಾವ ಬಣ್ಣಕ್ಕೆ ಗಿರಾಕಿ ಇದೆ ಎಂಬುದು ಬೆರಳ ತುದಿಯಲ್ಲಿತ್ತು. ಹೊಲಿಯುವವರಿಗೆ ಅದೇ ತಿಳಿಯದು. ಅವರನ್ನು ಒಟ್ಟಿಗೆ ಕೂರಿಸಿದ್ದು ನನಗೆ ಇಂದಿಗೂ ತೃಪ್ತಿ ಕೊಡುವ ಕೆಲಸ.

ಆದ್ದರಿಂದ ಯಾರೇ ಅಂಗಡಿಗೆ ಮುಂಗಡ ಕೊಡುವ ಮುನ್ನ ನಗರದ ಮಹಾಯೋಜನೆಯ ನಕ್ಷೆಯಲ್ಲಿ ಆ ಜಾಗ ಏನಾಗಲಿದೆ ಎಂದು ನೋಡಿಸುತ್ತಿದ್ದೆ. 2013ರ ಯೋಜನೆ 2020ರಲ್ಲಿ ಪರಿಷ್ಕರಣೆಗೊಂಡಿದೆ, ಯಾರು ಬೇಕಾದರೂ ಅಂತರ್ಜಾಲದಲ್ಲಿ ನೋಡಬಹುದು.

ಸಾಲದ ಕಂತು ಗೊತ್ತುಮಾಡುವಾಗ ಏಪ್ರಿಲ್ ತಿಂಗಳನ್ನು ಬೇರೆಯಾಗಿ ನೋಡಬೇಕು. 7ರಿಂದ ಒಂದು ವಾರ 1994ರ ನರಮೇಧದ ಸ್ಮರಣೆಯ ದಿನಗಳು; ಮದುವೆ, ಸಂಭ್ರಮ ಇರುವುದಿಲ್ಲ, ಹೊಲಿಗೆಗೆ ಕೆಲಸವೂ ಇರುವುದಿಲ್ಲ. ಹೆಚ್ಚಿನದೇನೆಂದರೆ, ಆ ದಿನಗಳಲ್ಲಿ ಬಹಳ ಮಂದಿಗೆ ಯಂತ್ರದ ಮುಂದೆ ಕೂರುವ ಚೈತನ್ಯವೇ ಇರುವುದಿಲ್ಲ. ನಾನು ಯಾರನ್ನೂ 1994ರ ಬಗ್ಗೆ ಕೇಳಲಿಲ್ಲ. ಹೇಳಿಕೊಂಡವರ ಮಾತನ್ನು ಪೆನ್ನು ಕೆಳಗಿಟ್ಟು ಕೇಳಿದೆ. ಕೊಂದವರ ಮನೆಯ ಹೆಂಗಸರೂ ಸತ್ತವರ ಮನೆಯ ಹೆಂಗಸರೂ ಒಂದೇ ಇಕಿಮಿನದಲ್ಲಿ ಹಣ ಕಟ್ಟುವ ಊರಿನಲ್ಲಿ ಹೊರಗಿನವರ ಕುತೂಹಲಕ್ಕೆ ಜಾಗವಿಲ್ಲ.

ನಾನು ಕಿಗಾಲಿ ಬಿಡುವ ಹೊತ್ತಿಗೆ ಕಿಮಿರೊಂಕೊದ ಆ ಹೊಲಿಗೆಯಾಕೆಯೇ ಹೊಸಬರ ಪುಸ್ತಕ ನೋಡತೊಡಗಿದ್ದರು. ಅವರು ಕೇಳುವ ಮೊದಲ ಪ್ರಶ್ನೆ ನನಗೆ ಹೊಳೆದದ್ದೂ ಅಲ್ಲ, ಹೊಳೆದಿದ್ದರೂ ಕೇಳಬಹುದಾದದ್ದೂ ಅಲ್ಲ: "ಅಂಗಡಿಯ ಸಿಮ್‌ನ ಪಿನ್ ನಿಮ್ಮ ಮನೆಯಲ್ಲಿ ಯಾರಿಗೆಲ್ಲ ಗೊತ್ತು?" ಎದುರಿಗೆ ಕುಳಿತವರು ಮೊದಲು ನಗುತ್ತಾರೆ, ಆಮೇಲೆ ಗಂಡನ ಹೆಸರೋ ಮಗನ ಹೆಸರೋ ಹೊರಬರುತ್ತದೆ. ಅಲ್ಲೇ ಪಿನ್ ಬದಲಾಯಿಸಲು ಹೇಳಿ, ಆಮೇಲೆಯೇ ಖಾತೆ ಪುಸ್ತಕ ತೆರೆಯುತ್ತಾರೆ.