ಶಾಲೆ ಮುಗಿದಿದೆ, ಮುಂದಿನದು ತಿಳಿಯುತ್ತಿಲ್ಲ: ಎಲ್ಲಿಂದ ಶುರು ಮಾಡಬೇಕು?

ಫಲಿತಾಂಶ ಬರುವ ಮುನ್ನವೇ ಕಂಡವರೆಲ್ಲ ಕೇಳಲು ಶುರು ಮಾಡುತ್ತಾರೆ: ಮುಂದೇನು? ಉತ್ತರ ಇಲ್ಲದವರ ಕಿವಿಗೆ ಅದು ಆರೋಪದಂತೆ ಬೀಳುತ್ತದೆ. ನಾನು ಶಾಲೆಯ ಕೊನೆಯ ವರ್ಷದ ತರಗತಿಗಳಿಗೆ ಜೀವಶಾಸ್ತ್ರ ಕಲಿಸುತ್ತಾ ಬಂದವಳು. ಪರೀಕ್ಷೆ ಮುಗಿದ ಮೇಲೆ ಪ್ರಯೋಗಾಲಯದ ಬಾಗಿಲಲ್ಲಿ ನಿಂತು, "ಮಿಸ್, ನನಗೆ ಏನೂ ತೋಚುತ್ತಿಲ್ಲ" ಎನ್ನುವ ಮಕ್ಕಳ ಜೊತೆ ಕೂತು ಮಾಡಿಸಿದ ಕೆಲಸಗಳನ್ನೇ ಇಲ್ಲಿ ಬರೆಯುತ್ತಿದ್ದೇನೆ. ಅವರೊಡನೆ ಮಾತನಾಡಿದ ಹಾಗೆಯೇ ನಿನ್ನೊಡನೆಯೂ ಮಾತನಾಡುತ್ತೇನೆ.

ಮೊದಲ ಕೆಲಸಕ್ಕೆ ಹೆಚ್ಚು ಯೋಚನೆ ಬೇಡ, ಒಂದು ಹಾಳೆ ಸಾಕು. ಸ್ವಲ್ಪವಾದರೂ ಸಾಧ್ಯ ಎನಿಸುವ ಪ್ರತಿಯೊಂದು ದಾರಿಯನ್ನೂ ಅದರಲ್ಲಿ ಬರೆ: ಪದವಿ, ಡಿಪ್ಲೊಮಾ, ವೃತ್ತಿ ತರಬೇತಿ, ನೇರವಾಗಿ ಕೆಲಸ, ಒಂದು ವರ್ಷದ ಬಿಡುವು. ಪ್ರತಿಯೊಂದರ ಮುಂದೆ ಅರ್ಜಿಯ ಕೊನೆಯ ದಿನ, ಬೇಕಾಗುವ ಅರ್ಹತೆ ಮತ್ತು ದಾಖಲೆ, ಸೇರಿದ ಮೇಲೆ ಮನಸ್ಸು ಬದಲಾದರೆ ಹೊರಬರಲು ತಗಲುವ ಖರ್ಚು, ಈ ಮೂರನ್ನು ಗುರುತು ಮಾಡು. ಮನಸ್ಸು ಇನ್ನೂ ತೂಗಾಡುತ್ತಿರುವಾಗಲೂ ಅರ್ಜಿ ಹಾಕಬಹುದು. ಹಾಕಿದ ಮಾತ್ರಕ್ಕೆ ಸೇರಲೇಬೇಕೆಂದಿಲ್ಲ. ದಿನ ದಾಟಿಹೋದರೆ ಮಾತ್ರ ನಿನ್ನ ಪರವಾಗಿ ಕ್ಯಾಲೆಂಡರೇ ತೀರ್ಮಾನ ಮಾಡಿಬಿಡುತ್ತದೆ. ಒಳ್ಳೆಯ ಅವಕಾಶ ಕೈತಪ್ಪಿದ ಮಕ್ಕಳನ್ನು ನೆನೆದರೆ, ತಪ್ಪು ಆಯ್ಕೆ ಮಾಡಿದವರಿಗಿಂತ ಕೊನೆಯ ದಿನ ನೋಡಿಕೊಳ್ಳದೆ ಇದ್ದವರೇ ನನಗೆ ಹೆಚ್ಚಾಗಿ ಕಣ್ಣಮುಂದೆ ಬರುತ್ತಾರೆ.

ಎರಡನೆಯದಾಗಿ, ಪ್ರಶ್ನೆಯನ್ನು ಚಿಕ್ಕದು ಮಾಡಿಕೊ. ಜೀವನದಲ್ಲಿ ಏನಾಗಬೇಕು ಎಂಬುದಕ್ಕೆ ಹದಿನೇಳು ಹದಿನೆಂಟರಲ್ಲಿ ಉತ್ತರ ಇರಲೇಬೇಕೆಂದೇನಿಲ್ಲ. ಮುಂದಿನ ಹನ್ನೆರಡು ತಿಂಗಳು ಏನು ಮಾಡುತ್ತೇನೆ, ಅದರಿಂದ ಯಾವ ದಾರಿ ಮುಚ್ಚಿಹೋಗುತ್ತದೆ ಎಂಬುದಕ್ಕೆ ಇರಬೇಕು. ಈ ಎರಡನೆಯ ಅರ್ಧವನ್ನು ಯಾರೂ ಕೇಳಿಕೊಳ್ಳುವುದಿಲ್ಲ. ಗಣಿತದಲ್ಲಿ ಬೇಸತ್ತು ಅದನ್ನು ಬಿಟ್ಟವರಿಗೆ ಎಂಜಿನಿಯರಿಂಗ್ ಮತ್ತು ಭೌತಶಾಸ್ತ್ರ ದೂರವಾಗುವುದು ಎಲ್ಲರಿಗೂ ಗೊತ್ತು. ಎಷ್ಟೋ ಕಡೆ ಅರ್ಥಶಾಸ್ತ್ರ, ಸಂಖ್ಯಾಶಾಸ್ತ್ರ, ವಾಸ್ತುಶಿಲ್ಪವೂ ಅದರ ಜೊತೆಗೇ ಹೋಗುತ್ತವೆ ಎಂಬುದು ಆಮೇಲೆ ತಿಳಿಯುತ್ತದೆ. ಬಿಡುವುದು ತಪ್ಪಲ್ಲ. ಏನು ಬಿಡುತ್ತಿದ್ದೇನೆ ಎಂದು ತಿಳಿದು ಬಿಡಬೇಕು.

ಇನ್ನು ಮುಖ್ಯ ವಿಷಯಕ್ಕೆ ಬರೋಣ. "ಗೊತ್ತಿಲ್ಲ" ಎನ್ನುವ ಮಕ್ಕಳೆಲ್ಲ ಒಂದೇ ಮಾತು ಹೇಳುತ್ತಿರುವುದಿಲ್ಲ. ಕೆಲವರಿಗೆ ಯಾವುದೂ ಬೇಡವೆನಿಸಿರುತ್ತದೆ. ಕೆಲವರಿಗೆ ನಾಲ್ಕೈದು ಬೇಕೆನಿಸಿರುತ್ತದೆ. ಇನ್ನು ಕೆಲವರಿಗೆ ಏನು ಬೇಕೆಂದು ಚೆನ್ನಾಗಿಯೇ ಗೊತ್ತಿರುತ್ತದೆ, ಮನೆಯಲ್ಲಿ ಒಪ್ಪುವುದಿಲ್ಲವೆಂದೋ ಹಣವಿಲ್ಲವೆಂದೋ ಬಾಯಿಬಿಡದೆ ಇರುತ್ತಾರೆ. ಈ ಮೂರರಲ್ಲಿ ನಿನ್ನದು ಯಾವುದೆಂದು ಪ್ರಾಮಾಣಿಕವಾಗಿ ನೋಡಿಕೊ, ಏಕೆಂದರೆ ಒಂದಕ್ಕೆ ಹೇಳುವ ಉಪಾಯ ಇನ್ನೊಂದಕ್ಕೆ ಒಗ್ಗುವುದಿಲ್ಲ. ಪರೀಕ್ಷಿಸುವ ಸುಲಭ ಬಗೆ ಇದು: ಹಣದ ತೊಂದರೆ ಇಲ್ಲ, ಯಾರ ಆಕ್ಷೇಪವೂ ಇಲ್ಲ ಎಂದುಕೊಂಡು ಒಂದು ಹೆಸರು ಹೇಳು. ತಕ್ಷಣ ಬಾಯಿಗೆ ಏನಾದರೂ ಬಂದರೆ ನೀನು ಮೂರನೆಯ ಗುಂಪಿನವನು, ಮೂರನೆಯ ಗುಂಪಿನವಳು.

ಯಾವುದೂ ಬೇಡವೆನಿಸುವವರಿಗೆ "ನಿನ್ನ ಆಸಕ್ತಿ ಏನು" ಎಂದು ಕೇಳಬಾರದು. ಆ ಪ್ರಶ್ನೆಗೇ ಅವರು ಬಳಲಿಹೋಗಿರುತ್ತಾರೆ. ಬದಲಿಗೆ ಕಳೆದ ತಿಂಗಳುಗಳಲ್ಲಿ ಉಳಿದಿರುವ ಗುರುತುಗಳನ್ನು ಹುಡುಕು. ಯಾರೂ ಹೇಳದೆ ಮಾಡಿದ ಕೆಲಸ ಯಾವುದು? ಏನಾದರೂ ಕೆಟ್ಟರೆ, ಬರೆಯಬೇಕಾದರೆ, ಜಗಳ ಬಿಡಿಸಬೇಕಾದರೆ ಸ್ನೇಹಿತರು ಯಾವುದಕ್ಕೆ ನಿನ್ನ ಬಳಿ ಬರುತ್ತಾರೆ? ಬೇರೆಯವರು ರೇಗುವ ಯಾವ ಕೆಲಸವನ್ನು ನೀನು ಗೊಣಗದೆ ಮಾಡುತ್ತೀ? ನನ್ನ ತರಗತಿಯ ಒಬ್ಬ ಹುಡುಗಿ ತನಗೆ ಏನೂ ಇಷ್ಟವಿಲ್ಲ ಎಂದೇ ಹೇಳುತ್ತಿದ್ದಳು. ಪ್ರಯೋಗಾಲಯದ ಮಾದರಿ ಬಾಟಲಿಗಳ ಹೆಸರುಚೀಟಿಗಳನ್ನು ಬಿಡುವಿನ ವೇಳೆಯಲ್ಲಿ ಒಂದೊಂದಾಗಿ ಹೊಸದಾಗಿ ಬರೆದು ಅಂಟಿಸಿದ್ದೂ, ದಾಸ್ತಾನು ಪುಸ್ತಕದ ಹಳೆಯ ಲೆಕ್ಕಗಳನ್ನು ಸರಿಪಡಿಸಿದ್ದೂ ಅವಳೇ. ಅದನ್ನು ಅವಳು ಇಷ್ಟದ ಪಟ್ಟಿಗೆ ಸೇರಿಸಿಯೇ ಇರಲಿಲ್ಲ, ಅದು ತನಗೆ ಸುಲಭ ಎಂಬ ಕಾರಣಕ್ಕೆ. ಈಗ ಒಂದು ಆಸ್ಪತ್ರೆಯ ದಾಖಲೆಗಳ ವಿಭಾಗ ಅವಳ ಕೈಯಲ್ಲಿದೆ, ಆ ಕೆಲಸದ ಬಗ್ಗೆ ಮಾತು ತೆಗೆದರೆ ನಿಲ್ಲಿಸುವುದಿಲ್ಲ. ನಿನಗೆ ಸಲೀಸಾಗಿ ಬರುವುದನ್ನು ನೀನೇ ಕಡೆಗಣಿಸಿರಬಹುದು, ಆದ್ದರಿಂದ ಈ ಪ್ರಶ್ನೆಗಳನ್ನು ನಿನ್ನನ್ನು ಬಲ್ಲ ಇಬ್ಬರು ಮೂವರಿಗೂ ಕೇಳು.

ಒಂದು ಎಚ್ಚರಿಕೆ. ವಾರಗಟ್ಟಲೆ ನಿದ್ರೆ ಸರಿಯಿಲ್ಲ, ಮೊದಲು ಖುಷಿ ಕೊಡುತ್ತಿದ್ದದ್ದೂ ಈಗ ಬೇಡ, ಏಳುವುದೇ ಕಷ್ಟ ಎನ್ನುವಂತಿದ್ದರೆ ಅದು ಕೋರ್ಸಿನ ಆಯ್ಕೆಯ ವಿಷಯವಲ್ಲ. ವೈದ್ಯರನ್ನೋ ಆಪ್ತಸಮಾಲೋಚಕರನ್ನೋ ಮೊದಲು ಕಾಣು. ಅರ್ಜಿಗಳು ಕಾಯಲಿ.

ನಾಲ್ಕೈದು ಬೇಕೆನಿಸುವವರು ಮಾಡಬೇಕಾದದ್ದು ಹೋಗಿ ನೋಡುವುದು. ಅಮೆರಿಕದ ಬಾಸ್ಟನ್ ನಗರದಲ್ಲಿ 1908ರಲ್ಲಿ ಫ್ರಾಂಕ್ ಪಾರ್ಸನ್ಸ್ ಎಂಬಾತ ಯುವಜನರಿಗಾಗಿ ವೃತ್ತಿ ಸಲಹಾ ಕಚೇರಿ ತೆರೆದ. ಅವನ ವಿಧಾನಕ್ಕೆ ಮೂರು ಕಾಲು: ನಿನ್ನನ್ನು ನೀನು ತಿಳಿ, ಕೆಲಸಗಳನ್ನು ತಿಳಿ, ಎರಡನ್ನೂ ಕೂಡಿಸಿ ತರ್ಕ ಮಾಡು. ಇಂದಿನ ಮಕ್ಕಳು ಮೊದಲನೆಯದರಲ್ಲೇ ನಿಂತುಬಿಡುತ್ತಾರೆ. ಮೊಬೈಲಿನಲ್ಲಿ ಒಂದರ ಮೇಲೊಂದು ಅಭಿರುಚಿ ಪರೀಕ್ಷೆ ತೆಗೆದುಕೊಳ್ಳುತ್ತಾರೆ, ಆ ಕೆಲಸ ಮಾಡುವ ಒಬ್ಬರನ್ನೂ ಭೇಟಿ ಮಾಡಿರುವುದಿಲ್ಲ. ಜೀವಶಾಸ್ತ್ರದ ಪಾಠ ಇಷ್ಟವಾಯಿತೆಂದು ವೈದ್ಯೆಯಾಗಬೇಕು ಎನ್ನುವ ಹುಡುಗಿಗೆ ನಾನು ಹೇಳುವುದಿಷ್ಟು: ಪಾಠ ಇಷ್ಟವಾದದ್ದರಲ್ಲಿ ನನ್ನ ಪಾಲೂ ಇರಬಹುದು, ಪುಸ್ತಕದ ಪಾಲೂ ಇರಬಹುದು, ರಾತ್ರಿ ಪಾಳಿಯಲ್ಲಿ ನೋವಿನಿಂದ ಸಿಡುಕುವ ರೋಗಿಯ ಪಕ್ಕ ನಿಲ್ಲುವುದು ನಿನಗೆ ಒಪ್ಪುತ್ತದೆಯೇ ಎಂದು ಅಲ್ಲಿಗೆ ಹೋಗಿ ನೋಡಿಕೊಂಡು ಬಾ.

ಯಾರನ್ನು ಕೇಳಬೇಕು? ಆ ಕ್ಷೇತ್ರದ ಶಿಖರದಲ್ಲಿರುವವರಿಗಿಂತ, ಸೇರಿ ಎರಡರಿಂದ ಐದು ವರ್ಷವಾದವರು ನಿನಗೆ ಹೆಚ್ಚು ಉಪಯೋಗ. ದಾರಿ ಅವರಿಗೆ ಇನ್ನೂ ನೆನಪಿರುತ್ತದೆ. ಪರಿಚಯವೇ ಇಲ್ಲವಲ್ಲ ಎನ್ನಬೇಡ. ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಪರಿಚಿತರ ಮೂಲಕ ಕೆಲಸ ಸಿಕ್ಕವರಲ್ಲಿ ಹೆಚ್ಚಿನವರಿಗೆ ಸುದ್ದಿ ಕೊಟ್ಟದ್ದು ಆಗೊಮ್ಮೆ ಈಗೊಮ್ಮೆ ಅಥವಾ ಅಪರೂಪಕ್ಕೆ ಭೇಟಿಯಾಗುತ್ತಿದ್ದವರು ಎಂದು ತೋರಿಸಿದ. ಆಪ್ತರಿಗೆ ಗೊತ್ತಿರುವುದು ಸಾಮಾನ್ಯವಾಗಿ ನಿನಗೂ ಗೊತ್ತಿರುತ್ತದೆ. ಹೊಸ ಸುದ್ದಿ ಬರುವುದು ದೂರದ ಪರಿಚಯದಿಂದ. ಹಾಗಾಗಿ ಸ್ನೇಹಿತೆಯ ಅಕ್ಕ, ಶಾಲೆಯ ಹಳೆಯ ವಿದ್ಯಾರ್ಥಿ, ಚಿಕ್ಕಪ್ಪನ ಸಹೋದ್ಯೋಗಿ, ಇಂಥವರಿಗೆ ಒಂದು ಚಿಕ್ಕ ಸಂದೇಶ ಕಳಿಸಿ ಇಪ್ಪತ್ತು ನಿಮಿಷ ಕೇಳು. ಕೆಲಸ ಕೊಡಿಸಿ ಎನ್ನಬೇಡ, ನಿಮ್ಮ ಕೆಲಸದ ಬಗ್ಗೆ ತಿಳಿಯಬೇಕಿತ್ತು ಎನ್ನು. ಬಹುಪಾಲು ಜನ ಸಂತೋಷದಿಂದ ಹೇಳುತ್ತಾರೆ.

ಮಾತಿಗೆ ಕೂತಾಗ "ಈ ಕ್ಷೇತ್ರ ಹೇಗಿದೆ" ಎಂದು ಕೇಳಿದರೆ "ಚೆನ್ನಾಗಿದೆ" ಎಂಬುದಷ್ಟೇ ಸಿಗುತ್ತದೆ. ಮೊನ್ನೆ ಬೆಳಗ್ಗೆಯಿಂದ ಸಂಜೆಯವರೆಗೆ ಏನೇನು ಮಾಡಿದಿರಿ ಎಂದು ಕೇಳು. ಅತಿ ಬೇಸರದ ಭಾಗ ಯಾವುದು, ಈ ಕೆಲಸ ಬಿಟ್ಟುಹೋಗುವವರು ಯಾಕೆ ಬಿಡುತ್ತಾರೆ, ಇವತ್ತು ಹೊಸದಾಗಿ ಶುರು ಮಾಡುವುದಾದರೆ ಮೊದಲು ಏನು ಕಲಿಯುತ್ತೀರಿ ಎಂದು ಕೇಳು. ಸಾಧ್ಯವಾದರೆ ಒಂದೆರಡು ದಿನ ಅವರ ಪಕ್ಕದಲ್ಲಿ ನಿಂತು ನೋಡಲು ಅನುಮತಿ ಪಡೆ. ಓದಿನ ದಾರಿಯಾದರೆ ಮೊದಲ ವರ್ಷದ ಪಠ್ಯಕ್ರಮ ತೆಗೆದು ಓದು, ಹಿಂದಿನ ಪ್ರಶ್ನೆಪತ್ರಿಕೆ ನೋಡು, ಕಾಲೇಜು ಒಪ್ಪಿದರೆ ಒಂದು ತರಗತಿಯಲ್ಲಿ ಹಿಂದಿನ ಬೆಂಚಿನಲ್ಲಿ ಕೂತು ಬಾ. ಬೇಸರದ ಭಾಗವನ್ನು ಕೇಳಿದ ಮೇಲೂ ಮನಸ್ಸು ಅತ್ತಲೇ ಎಳೆದರೆ ಆ ಹೆಸರನ್ನು ಹಾಳೆಯಲ್ಲಿ ಉಳಿಸು. ಉಳಿದದ್ದನ್ನು ಹೊಡೆದುಹಾಕು. ನಾಲ್ಕೈದು ಹೆಸರು ಸಾಮಾನ್ಯವಾಗಿ ಇಲ್ಲಿಯೇ ಎರಡಕ್ಕೆ ಇಳಿಯುತ್ತವೆ.

ಮನೆಯವರು ಒಪ್ಪದ ಮಕ್ಕಳಿಗೆ ನಾನು ಡಾರ್ವಿನ್ನನ ಕಥೆ ಹೇಳುತ್ತೇನೆ. ವಿಕಾಸವಾದದ ಪಾಠದಲ್ಲಿ ಬರದ ಕಥೆ ಇದು. 1825ರಲ್ಲಿ ಹದಿನಾರರ ಚಾರ್ಲ್ಸ್‌ನನ್ನು ವೈದ್ಯನಾದ ಅವನ ತಂದೆ ಎಡಿನ್‌ಬರೋಗೆ ವೈದ್ಯಕೀಯ ಓದಲು ಕಳಿಸಿದರು. ಅರಿವಳಿಕೆ ಇನ್ನೂ ಬಂದಿರದ ಕಾಲ. ಒಂದು ಮಗುವಿನ ಶಸ್ತ್ರಚಿಕಿತ್ಸೆ ನೋಡಲಾಗದೆ ಆ ಹುಡುಗ ಹೊರಗೆ ಓಡಿದ. ಓದು ಅರ್ಧಕ್ಕೆ ನಿಂತಿತು. 1828ರಲ್ಲಿ ಪಾದ್ರಿಯಾಗಲೆಂದು ಕೇಂಬ್ರಿಜ್‌ಗೆ ಸೇರಿಸಿದರು. ಅಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕ ಹೆನ್ಸ್‌ಲೋ ಅವರ ಒಡನಾಟ ಸಿಕ್ಕಿತು, 1831ರಲ್ಲಿ ಅವರ ಮೂಲಕವೇ ಬೀಗಲ್ ಹಡಗಿನ ಯಾನಕ್ಕೆ ಕರೆ ಬಂತು. ತಂದೆ ಬೇಡ ಎಂದರು. ಜೊತೆಗೆ, ವಿವೇಕ ಇರುವ ಒಬ್ಬ ಮನುಷ್ಯ ಹೋಗು ಎಂದು ಹೇಳಿದರೆ ಒಪ್ಪುತ್ತೇನೆ ಎಂಬ ಮಾತನ್ನೂ ಸೇರಿಸಿದರು.

ಮುಂದೆ ನಡೆದದ್ದು ನಿನಗೆ ಬೇಕಾದ ಪಾಠ. ಡಾರ್ವಿನ್ ತಂದೆಯ ಆಕ್ಷೇಪಗಳನ್ನು ಒಂದೊಂದಾಗಿ ಹಾಳೆಯಲ್ಲಿ ಬರೆದ. ಒಟ್ಟು ಎಂಟು: ಇದು ಹುಚ್ಚು ಯೋಜನೆ, ಪಾದ್ರಿಯಾಗುವವನ ಹೆಸರಿಗೆ ಕುಂದು, ಮತ್ತೆ ವೃತ್ತಿ ಬದಲಿಸಿದಂತಾಗುತ್ತದೆ, ಹಿಂತಿರುಗಿದ ಮೇಲೆ ನೆಲೆ ನಿಲ್ಲುವುದಿಲ್ಲ, ಹೀಗೆ. ತಂದೆ ಗೌರವಿಸುತ್ತಿದ್ದ ಸೋದರಮಾವ ಜೋಸಯ ವೆಜ್‌ವುಡ್ ಆ ಎಂಟಕ್ಕೂ ಒಂದೊಂದಾಗಿ ಉತ್ತರ ಬರೆದುಕೊಟ್ಟರು. ತಂದೆ ಒಪ್ಪಿದರು, ಖರ್ಚನ್ನೂ ವಹಿಸಿಕೊಂಡರು.

ನೀನೂ ಇದನ್ನೇ ಮಾಡು. ಅಪ್ಪ ಅಮ್ಮ ಬೇಡ ಎನ್ನಲು ಕಾರಣಗಳೇನು ಎಂದು ಒಂದು ದಿನ ಕೇಳಿ, ಅವರದೇ ಮಾತಿನಲ್ಲಿ ಬರೆದುಕೊ. ಆ ದಿನ ವಾದ ಮಾಡಬೇಡ, ಒಂದಕ್ಕೂ ಉತ್ತರ ಕೊಡಬೇಡ. ಬರೆದದ್ದನ್ನು ಓದಿ ತೋರಿಸಿ "ಇಷ್ಟೇನಾ?" ಎಂದು ಕೇಳು, ನಿಜವಾದ ಭಯ ಎಷ್ಟೋ ಸಲ ಆಗ ಕೊನೆಯಲ್ಲಿ ಹೊರಬರುತ್ತದೆ. ಆಮೇಲೆ ಪ್ರತಿಯೊಂದಕ್ಕೂ ಮಾಹಿತಿ ಹುಡುಕು. ಅವರು ಹೇಳಿದ್ದು ನಿಜವಾಗಿದ್ದರೆ ನಿಜ ಎಂದೇ ಬರೆ. ಅವರು ನಂಬುವ ಒಬ್ಬ ಹಿರಿಯರನ್ನು ಮೊದಲು ಭೇಟಿಯಾಗಿ ಹಾಳೆ ತೋರಿಸಿ, ಮಾತನಾಡುವಾಗ ಜೊತೆಗಿರಲು ಕೇಳಿಕೊ. ಮಕ್ಕಳು ಹಟ ಮಾಡಿದಾಗ ಬಗ್ಗದ ತಂದೆತಾಯಿ, ತಮ್ಮ ಮಾತನ್ನು ಮಗ ಬರೆದುಕೊಂಡು ಕೂತದ್ದನ್ನು ಕಂಡು ಮೆತ್ತಗಾದದ್ದನ್ನು ನಾನು ನೋಡಿದ್ದೇನೆ.

ಅಡ್ಡಿ ಹಣದ್ದಾದರೆ ಅದನ್ನು ಬಾಯಿಬಿಟ್ಟು ಹೇಳು, ಶಿಕ್ಷಕರಿಗೂ ಹೇಳು. ವಿದ್ಯಾರ್ಥಿವೇತನ, ಸಂಜೆ ತರಗತಿ, ದೂರಶಿಕ್ಷಣ ಇವೆಲ್ಲ ಕೇಳಿದವರಿಗೆ ಸಿಗುತ್ತವೆ. ಕಲಿಯುತ್ತಲೇ ಗಳಿಸುವ ವೃತ್ತಿ ತರಬೇತಿಯನ್ನು ಎರಡನೆಯ ದರ್ಜೆಯೆಂದು ಎಣಿಸಬೇಡ. ಸ್ವಿಟ್ಜರ್ಲೆಂಡಿನಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಯುವಜನ ಕಡ್ಡಾಯ ಶಾಲೆಯ ನಂತರ ಆ ದಾರಿಯನ್ನೇ ಹಿಡಿಯುತ್ತಾರೆ. ಹೆಚ್ಚಿನವರು ವಾರದಲ್ಲಿ ಒಂದೆರಡು ದಿನ ತರಗತಿಯಲ್ಲಿ, ಉಳಿದ ದಿನ ಸಂಬಳ ಪಡೆಯುತ್ತಾ ಕೆಲಸದ ಜಾಗದಲ್ಲಿ ಇರುತ್ತಾರೆ.

ಒಂದು ವರ್ಷ ಬಿಡುವು ತೆಗೆದುಕೊಳ್ಳಬಹುದೇ? ತೆಗೆದುಕೊಳ್ಳಬಹುದು, ಮುಗಿಯುವ ತಾರೀಖೂ ವಾರದ ದಿನಚರಿಯೂ ಇದ್ದರೆ. ಸೀಟು ಸಿಕ್ಕಿದ್ದರೆ ಅದನ್ನು ಮುಂದಿನ ವರ್ಷಕ್ಕೆ ಕಾಯ್ದಿರಿಸುತ್ತಾರೆಯೇ ಎಂದು ಮೊದಲು ವಿಚಾರಿಸು.

ಕೊನೆಗೆ ಎರಡು ಹೆಸರು ಉಳಿದು ಎರಡೂ ಸಮ ಎನಿಸಿದರೆ ಮತ್ತೆ ಹತ್ತು ಜನರ ಅಭಿಪ್ರಾಯ ಕೇಳಬೇಡ. ಹರ್ಬರ್ಟ್ ಸೈಮನ್ ಎಂಬ ವಿದ್ವಾಂಸ ಮನುಷ್ಯರ ತೀರ್ಮಾನಗಳನ್ನು ಅಧ್ಯಯನ ಮಾಡಿ ಹೇಳಿದ್ದು, ಅತ್ಯುತ್ತಮವಾದದ್ದನ್ನು ಹುಡುಕುವಷ್ಟು ಸಮಯವೂ ಮಾಹಿತಿಯೂ ನಮಗೆ ಇರುವುದಿಲ್ಲ, ಸಾಕಷ್ಟು ಒಳ್ಳೆಯದು ಸಿಕ್ಕಾಗ ನಿಲ್ಲುತ್ತೇವೆ ಎಂದು. ಅದಕ್ಕೆ ನಿನಗೆ ಕನಿಷ್ಠ ಬೇಕಾದದ್ದನ್ನು ಮೊದಲೇ ಬರೆದಿಡು: ಖರ್ಚು ಇಷ್ಟರೊಳಗೆ, ದೂರ ಇಷ್ಟರೊಳಗೆ, ಈ ವಿಷಯ ಇರಲೇಬೇಕು. ಎರಡೂ ಅದಕ್ಕೆ ಹೊಂದಿದರೆ, ಬಿಟ್ಟುಬರಲು ಸುಲಭವಾದದ್ದನ್ನು ಆರಿಸು.

ಶುಲ್ಕ ಕಟ್ಟುವ ಮೊದಲು ಕಚೇರಿಯಲ್ಲಿ ಮೂರು ವಿಷಯ ಕೇಳಿ ಬರವಣಿಗೆಯಲ್ಲಿ ಪಡೆ: ಬಿಟ್ಟರೆ ಎಷ್ಟು ಹಣ ಯಾವ ದಿನದೊಳಗೆ ಹಿಂದಿರುಗುತ್ತದೆ, ಮೂಲ ಅಂಕಪಟ್ಟಿಗಳನ್ನು ಇಟ್ಟುಕೊಳ್ಳುತ್ತಾರೆಯೇ, ಮುಗಿಸಿದ ವಿಷಯಗಳು ಬೇರೆ ಕೋರ್ಸಿಗೆ ಲೆಕ್ಕಕ್ಕೆ ಬರುತ್ತವೆಯೇ. ಸೇರಿದ ದಿನವೇ, ಇದನ್ನು ಏಕೆ ಆರಿಸಿದೆ ಎಂದು ಅರ್ಧ ಪುಟ ಬರೆದಿಟ್ಟು ಮೊದಲ ಅವಧಿಯ ಕೊನೆಯ ವಾರಕ್ಕೆ ಒಂದು ತಾರೀಖು ಗುರುತು ಮಾಡು. ಆ ದಿನ ತೆಗೆದು ಓದು. ಬೇಸರ ಇದ್ದರೆ ಅದು ಊರಿನದೋ, ಹಾಸ್ಟೆಲಿನದೋ, ಓದಿನದೋ ಎಂದು ಬಿಡಿಸಿ ನೋಡು. ಊರು, ಹಾಸ್ಟೆಲಿನದಾದರೆ ಇನ್ನೊಂದು ಅವಧಿ ಇರು. ಓದಿನದೇ ಆಗಿದ್ದರೆ ಹಳೆಯ ಹಾಳೆ ತೆಗೆದು, ಹೊಡೆದುಹಾಕದೆ ಉಳಿಸಿದ್ದ ಎರಡನೆಯ ಹೆಸರಿನ ಮುಂದಿನ ಅರ್ಜಿ ದಿನಾಂಕ ಯಾವಾಗ ಎಂದು ವಿಚಾರಿಸು.